ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಡದಲ್ಲಿ ಗಾಳ ಹಾಕುವವರಿಗೆ: ತಪ್ಪಿಲ್ಲದೆ ಮೀನು ಹಿಡಿಯುವ ದಾರಿ

ನಮ್ಮ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ನಾವು ಸಿಕ್ಕಾಪಟ್ಟೆ ಕೊಲ್ಲೋರಲ್ಲ. ಹಿರಿಯರ ಹಾಗೆ ವರ್ಷಕ್ಕೆ ಒಂದೆರಡು ಸಲ, ನೇಮದಿಂದ ಬೇಟೆ ಆಡಬಹುದಾ?" ಮೊಲ, ಕವಜುಗ, ಕಾಡುಹಂದಿ ಅಂತ ಹೆಸರು ಬೇರೆ ಬೇರೆ ಇರುತ್ತದೆ, ಪ್ರಶ್ನೆ ಮಾತ್ರ ಅದೇ.

ಉತ್ತರ ನೇರವಾಗಿ ಹೇಳಿಬಿಡುತ್ತೇನೆ. ಆಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಇಡುವುದು, ಬಲೆ ಹಾಕುವುದು, ಅಟ್ಟಾಡಿಸುವುದು, ವಿಷ ಇಡುವುದು ಎಲ್ಲವೂ ಬೇಟೆಯೇ. ಅದಕ್ಕೆ ಯತ್ನಿಸಿದರೂ ಅಪರಾಧ. ಮುಧೋಳ ನಾಯಿ ಸಾಕಿರುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಮೊಲದ ಹಿಂದೆ ನಾಯಿ ಬಿಡುವುದೂ ಬೇಟೆಯಲ್ಲೇ ಸೇರುತ್ತದೆ. "ನಮ್ಮ ಹೊಲ, ನಮ್ಮ ನಾಯಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಂದಿ ಬೆಳೆ ಹಾಳು ಮಾಡಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು. ಅದು ಬೇರೆಯೇ ದಾರಿ.

ಹಾಗಂತ ಆ ಹುಮ್ಮಸ್ಸನ್ನು ಕಟ್ಟಿಹಾಕಿ ಕೂರಬೇಕಾಗಿಲ್ಲ. ಕಾಯುವುದು, ಗಾಳಿ ನೋಡುವುದು, ನೀರಿನ ಬಣ್ಣ ಓದುವುದು, ಸಿಕ್ಕಿದ್ದನ್ನು ಮನೆಗೆ ತಂದು ಹಂಚಿ ತಿನ್ನುವುದು, ಇಷ್ಟೂ ಗಾಳದಲ್ಲಿದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ನೀರಿಗೇನು ಕೊರತೆ? ಆಲಮಟ್ಟಿಯ ಹಿನ್ನೀರಿದೆ, ಹಿಡಕಲ್ ಜಲಾಶಯ ಇದೆ, ಸವದತ್ತಿ ಹತ್ತಿರ ನವಿಲುತೀರ್ಥ ಅಣೆಕಟ್ಟೆಯಿದೆ. ಆದರೆ ಗಾಳಕ್ಕೂ ನೇಮ ಉಂಟು. ಅದನ್ನು ಕಲಿಯದೆ ದಡಕ್ಕೆ ಹೋದವರು ಕಾಡಿನಲ್ಲಿ ಆದ ತಪ್ಪನ್ನೇ ನೀರಿನಲ್ಲೂ ಮಾಡುತ್ತಾರೆ. ಅದಕ್ಕೇ ಈ ಬರಹ.

1. ನೀರು ಯಾರದು ಅಂತ ಮೊದಲು ಕೇಳಿ

ಹರಿಯುವ ನೀರು ಎಲ್ಲರದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆ ಇದೆ. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಹೆಚ್ಚಾಗಿ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆ ಪಡೆದವರು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಅಲ್ಲಿ ಕೇಳದೆ ಗಾಳ ಹಾಕಿದರೆ ಅದು ಕಳವು. ಜಲಾಶಯಗಳಲ್ಲಿ ಮೀನುಗಾರರ ಸಹಕಾರ ಸಂಘಗಳು, ಲೈಸೆನ್ಸ್ ಇರುವ ಮೀನುಗಾರರು ಇರುತ್ತಾರೆ.

ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಮೂರು ವಿಷಯ ಕೇಳಿ: ಈ ನೀರಿನ ಹಕ್ಕು ಯಾರಿಗಿದೆ, ಗಾಳಕ್ಕೆ ಲೈಸೆನ್ಸ್ ಬೇಕಾ, ಮಳೆಗಾಲದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಹಿಡಿಯುವ ಹಾಗಿಲ್ಲ. ಬಾಯಿಮಾತಿನ ಉತ್ತರಕ್ಕೆ ಸಮಾಧಾನಪಡಬೇಡಿ. ರಸೀದಿಯೋ ಪತ್ರವೋ ಕೈಯಲ್ಲಿರಲಿ.

ಕೆಲವು ಜಾಗ ಪೂರ್ತಿ ಬಿಟ್ಟುಬಿಡಿ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ ಇದೆ. ಖಾನಾಪುರದ ಕಡೆ ಭೀಮಗಡ ವನ್ಯಜೀವಿಧಾಮ ಇದೆ. ಅಲ್ಲಿನ ನೀರು, ಹಳ್ಳ ಎಲ್ಲ ಅರಣ್ಯ ಇಲಾಖೆಯ ಕೈಕೆಳಗೆ ಬರುತ್ತದೆ. ಗಾಳ ಬ್ಯಾಗಿನಲ್ಲಿಟ್ಟುಕೊಂಡು ಅಲ್ಲಿ ಓಡಾಡುವುದೂ ಬೇಡ.

2. ಕಾಲ ನೋಡಿ

ಇದೊಂದನ್ನು ಎಲ್ಲರೂ ತಪ್ಪು ಮಾಡುತ್ತಾರೆ. ಮೊದಲ ದೊಡ್ಡ ಮಳೆ ಬಿದ್ದು ಹೊಳೆಗೆ ಕೆಂಪು ನೀರು ಬಂದ ಕೂಡಲೇ ಬಾಂದಾರದ ಕೆಳಗೆ ಜನ ಸೇರುತ್ತಾರೆ. (ಬಾಂದಾರ ಅಂದರೆ ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡು.) ಗೋಣಿಚೀಲ, ಸೊಳ್ಳೆಪರದೆ, ಸೀರೆ, ಕೈಗೆ ಸಿಕ್ಕಿದ್ದರಲ್ಲಿ ಮೀನು ಬಾಚುತ್ತಾರೆ. ಮೀನು ಅಲ್ಲಿ ಯಾಕೆ ಸೇರಿದೆ ಗೊತ್ತಾ? ಮೊಟ್ಟೆ ಇಡಲು ಮೇಲಕ್ಕೆ ಹತ್ತಲು ಬಂದದ್ದು. ಕಟ್ಟೆ ಅಡ್ಡ ಬಂದು ನಿಂತಿದೆ.

ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮಳೆಗಾಲದ ಹರಿವು, ಏರುವ ನೀರು ಬೇಕು. ಕೆರೆಗೆ ಬಿಡುವ ಮರಿಗಳನ್ನು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಮಾಡಿಸಬೇಕಾಗುತ್ತದೆ. ಆ ವಿಧಾನ ನಮ್ಮ ದೇಶದಲ್ಲಿ ಕೈಗೂಡಿದ್ದು 1957ರಲ್ಲಿ. ಅದರ ನೆನಪಿಗೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಹೊಳೆಯ ಮೀನಿಗೆ ಇಂಜೆಕ್ಷನ್ ಕೊಡುವವರು ಯಾರೂ ಇಲ್ಲ. ಅದಕ್ಕಿರುವುದು ಮಳೆಗಾಲದ ಆ ಕೆಂಪು ನೀರು ಮಾತ್ರ. ಹೊಟ್ಟೆ ತುಂಬಿದ ಒಂದು ರೋಹುವಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮುಗಿಯುವವರೆಗೆ ನಾನು ಹೊಳೆಗೆ ಗಾಳ ಒಯ್ಯುವುದೇ ಇಲ್ಲ. ಇಲಾಖೆಯ ನಿಷೇಧ ಅದಕ್ಕಿಂತ ಕಡಿಮೆ ದಿನದ್ದಾದರೂ ನೀವೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು, ಮರಲು ಮೀನು. ಹಾವಿನ ತಲೆಯಂಥ ತಲೆ ಅದಕ್ಕೆ. ಹೆಸರು ಊರಿಂದ ಊರಿಗೆ ಬದಲಾಗುತ್ತದೆ, ತಲೆ ನೋಡಿದರೆ ಗುರುತು ಸಿಗುತ್ತದೆ. ಕೆರೆಯ ಅಂಚಿನ ಜೊಂಡಿನ ಪಕ್ಕ ನೀರಿನ ಮೇಲೆ ಕೈಯಗಲದಷ್ಟು ಜಾಗ ಸಣ್ಣಗೆ ಕುದಿಯುವ ಹಾಗೆ ಕಂಡರೆ ನಿಂತು ನೋಡಿ. ಕೆಂಪು ಕೆಂಪಾದ ನೂರಾರು ಮರಿಗಳು ಒಟ್ಟಿಗೆ ಮೇಲೆ ಬಂದು ಗಾಳಿ ನುಂಗಿ ಕೆಳಗಿಳಿಯುತ್ತಿರುತ್ತವೆ. ಸ್ವಲ್ಪ ಕೆಳಗೆ ತಾಯಿ, ತಂದೆ ಕಾಯುತ್ತಿರುತ್ತವೆ. ಗಾಳ ಹಾಕಿದರೆ ತಟ್ಟನೆ ಕಚ್ಚುತ್ತವೆ. ಅದು ಹಸಿವೆ ಅಲ್ಲ, ಮರಿಗಳ ಹತ್ತಿರ ಬಂದದ್ದನ್ನು ಓಡಿಸುವ ಸಿಟ್ಟು. ಅದನ್ನು ಎತ್ತಿಕೊಂಡು ಹೋದರೆ ಉಳಿದ ಮೀನುಗಳು ಆ ಮರಿಗಳನ್ನು ಸಂಜೆಯೊಳಗೆ ತಿಂದು ಮುಗಿಸುತ್ತವೆ. ಇಷ್ಟು ಸುಲಭಕ್ಕೆ ಸಿಗುವ ಮೀನನ್ನು ಬಿಟ್ಟು ಬರುವುದು ಕಷ್ಟ, ನನಗೆ ಗೊತ್ತು. ಆದರೂ ಬಿಟ್ಟು ಬನ್ನಿ.

3. ಸಾಮಾನು

ಜಾಸ್ತಿ ಏನೂ ಬೇಡ. ಕೋಲು, ದಾರ, ಬೆಂಡು, ಕೊಕ್ಕೆ, ಒಂದು ಸಣ್ಣ ಪಕ್ಕಡ, ಕತ್ತರಿ, ನೀರು, ಟೋಪಿ.

ದಾರದಲ್ಲಿ ಜಿಪುಣತನ ಮಾಡಬೇಡಿ. ತೆಳ್ಳಗಿನ ದಾರ ಕಿತ್ತರೆ ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ. ದಪ್ಪ ದಾರವಿದ್ದರೆ ಬೇಗ ದಡಕ್ಕೆ ಎಳೆಯಬಹುದು, ಮೀನಿಗೂ ಸುಸ್ತಾಗುವುದಿಲ್ಲ. ಅರ್ಧ ತಾಸು ಆಡಿಸಿ ಎಳೆಯುವುದು ದೊಡ್ಡಸ್ತಿಕೆ ಏನಲ್ಲ.

ಕೊಕ್ಕೆಯ ತುದಿಯ ಹಿಂದೆ ಒಂದು ಸಣ್ಣ ಹಿಮ್ಮುಳ್ಳು ಇರುತ್ತದೆ. ಒಳಹೊಕ್ಕ ಕೊಕ್ಕೆ ವಾಪಸ್ ಬರದಂತೆ ಹಿಡಿಯುವುದು ಅದೇ. ಪಕ್ಕಡದಿಂದ ಅದನ್ನು ಒತ್ತಿ ಮಲಗಿಸಿ. ಬಟ್ಟೆಗೆ ಚುಚ್ಚಿ ತೆಗೆದು ನೋಡಿ. ನೂಲು ಎಳೆಯದೆ ಸಲೀಸಾಗಿ ಬಂದರೆ ಸರಿಯಾಗಿದೆ. "ಮೀನು ತಪ್ಪಿಸಿಕೊಳ್ಳುತ್ತದೆ" ಅಂತ ಹೆದರಬೇಡಿ. ದಾರ ಬಿಗಿಯಾಗಿ ಹಿಡಿದಿದ್ದರೆ ತಪ್ಪುವುದು ಕಡಿಮೆ. ನಾಳೆ ಅದೇ ಕೊಕ್ಕೆ ನಿಮ್ಮ ಹೆಬ್ಬೆರಳಿಗೆ ಚುಚ್ಚಿದಾಗ ಇದರ ಬೆಲೆ ಗೊತ್ತಾಗುತ್ತದೆ. ಮೂರು ಬಾಯಿಯ ಕೊಕ್ಕೆ ಬೇಡವೇ ಬೇಡ.

ಭಾರಕ್ಕೆ ಸೀಸದ ಗುಂಡಿನ ಬದಲು ಹಳೆಯ ನಟ್ಟು ಕಟ್ಟಿ. ಸೀಸ ವಿಷ. ನೀರಿನ ತಳದಲ್ಲಿ ಉಳಿದರೆ ಕಲ್ಲಿನ ಹರಳು ಅಂತ ಹಕ್ಕಿಗಳು ನುಂಗುತ್ತವೆ.

4. ಎರೆ

ಕೊಕ್ಕೆಗೆ ಸಿಕ್ಕಿಸುವ ಆಹಾರವೇ ಎರೆ. ಗೆಂಡೆ ಜಾತಿಯ ಮೀನಿಗೆ ನಮ್ಮ ಜೋಳದ ಹಿಟ್ಟಿಗಿಂತ ಒಳ್ಳೆಯದು ಇಲ್ಲ. ರೊಟ್ಟಿಗೆ ಎಸರು ಹಾಕಿ ನಾದುತ್ತಾರಲ್ಲ, ಅದೇ ರೀತಿ ಕುದಿಯುವ ನೀರು ಹಾಕಿ ಹಿಟ್ಟು ಕಲಸಿ. ಎರಡು ಮುಷ್ಟಿ ಹಿಟ್ಟಿಗೆ ಒಂದು ಮುಷ್ಟಿ ಶೇಂಗಾ ಹಿಂಡಿಯ ಪುಡಿ, ಒಂದು ಚೂರು ಬೆಲ್ಲ. ಅಂಗೈಗೆ ಅಂಟದಷ್ಟು ನಾದಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದು ಉಂಡೆ ಮಾಡಿ ಲೋಟದ ನೀರಿನಲ್ಲಿ ಹಾಕಿ ನೋಡಿ. ಕಾಲು ತಾಸು ಕರಗದೆ ನಿಂತರೆ ಸಾಕು. ಬೇಗ ಕರಗಿದರೆ ಇನ್ನಷ್ಟು ನಾದಬೇಕು.

ಉಂಡೆ ಬಾರಿಹಣ್ಣಿನ ಗಾತ್ರದ್ದಿರಲಿ. ದೊಡ್ಡ ಉಂಡೆಯನ್ನು ಚಿಕ್ಕ ಮೀನು ನುಂಗಲಾರದು. ಬಿಡಬೇಕಾದ ಮೀನು ಕಚ್ಚದೇ ಇರುವುದು ಎಲ್ಲಕ್ಕಿಂತ ಒಳ್ಳೆಯದು, ಅಲ್ವಾ? ಬೇರೆ ಕಡೆಯಿಂದ ತಂದ ಜೀವಂತ ಮೀನನ್ನು ಎರೆಯಾಗಿ ಬಳಸಬೇಡಿ. ಅದರ ಜೊತೆ ರೋಗ, ಹೊಸ ಜಾತಿ ಎರಡೂ ನೀರಿಗೆ ಇಳಿಯುತ್ತವೆ.

5. ಇವನ್ನು ಎಂದೂ ಮಾಡಬೇಡಿ

ತೋಟೆ ಸಿಡಿಸುವುದು, ನೀರಿಗೆ ಬ್ಲೀಚಿಂಗ್ ಪೌಡರ್ ಅಥವಾ ಕೀಟನಾಶಕ ಹಾಕುವುದು, ಪಂಪ್‌ಸೆಟ್ ಲೈನಿನಿಂದ ಕರೆಂಟ್ ಬಿಡುವುದು. ಸ್ಫೋಟಕ ಮತ್ತು ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕರೆಂಟ್ ಬಿಟ್ಟವರು ತಾವೇ ಸತ್ತ ಉದಾಹರಣೆಗಳಿವೆ. ತೋಟೆಗೆ ಸತ್ತ ಮೀನಿನಲ್ಲಿ ಎಷ್ಟೋ ತಳಕ್ಕೆ ಮುಳುಗುತ್ತವೆ, ಹಾಕಿದವನ ಕೈಗೂ ಸಿಗುವುದಿಲ್ಲ. ಮರಿ, ಮೊಟ್ಟೆ, ಸೀಗಡಿ, ಏಡಿ ಎಲ್ಲ ಒಟ್ಟಿಗೆ ಹೋಗುತ್ತದೆ. ನಿಮ್ಮ ಜೊತೆಗಾರನೊಬ್ಬ ಇಂಥದ್ದಕ್ಕೆ ಕೈ ಹಾಕಿದರೆ ಅಲ್ಲೇ ಅವನ ಜೊತೆ ಬಿಡಿ.

6. ಮೀನು ಕಚ್ಚಿದ ಮೇಲೆ

ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ಕವಚ. ರೋಗ ಬರದಂತೆ ತಡೆಯುವುದು ಅದು. ಒಣ ಕೈಯಿಂದ ಹಿಡಿದರೆ ಲೋಳೆ ಕಿತ್ತು ಬರುತ್ತದೆ. ಬಿಟ್ಟ ಮೀನು ಆ ಹೊತ್ತಿಗೆ ಈಜಿಕೊಂಡು ಹೋಗುತ್ತದೆ, ವಾರದ ಮೇಲೆ ಬೂಸ್ಟು ಹಿಡಿದು ಸಾಯಬಹುದು. ನಾವು ನೋಡುವುದಿಲ್ಲ, ಅಷ್ಟೇ. ಹಾಗಾಗಿ ಮೊದಲು ಎರಡೂ ಕೈ ನೀರಲ್ಲಿ ಅದ್ದಿ.

ಬಿಡುವುದಾದರೆ ಮೀನನ್ನು ನೀರಿನಿಂದ ಎತ್ತದೆ, ಅಂಚಿನಲ್ಲೇ ಕೊಕ್ಕೆ ಬಿಡಿಸಿ. ಎತ್ತಲೇಬೇಕಾದರೆ ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡಕ್ಕೆ. ಅಡ್ಡಲಾಗಿ ಹಿಡಿಯಿರಿ. ಕಿವಿರಿಗೆ ಬೆರಳು ತೂರಿಸಿ ನೇತಾಡಿಸಿದರೆ ಆ ಮೀನು ಬದುಕುವುದು ಕಷ್ಟ. (ಕಿವಿರು ಅಂದರೆ ಮೀನು ಉಸಿರಾಡುವ ಕೆಂಪು ಎಸಳುಗಳು.) ನೀವು ಉಸಿರು ಹಿಡಿದುಕೊಳ್ಳಿ. ನಿಮಗೆ ಉಸಿರು ಬೇಕು ಅನ್ನಿಸುವ ಮೊದಲೇ ಮೀನು ನೀರಿಗೆ ವಾಪಸ್ ಹೋಗಿರಬೇಕು. ಫೋಟೋ ಬೇಕಾದರೆ ಅಷ್ಟರೊಳಗೇ.

ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಎಳೆಯಬೇಡಿ. ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ. ಎಳೆದು ಹರಿದರೆ ಖಂಡಿತ ಸಾಯುತ್ತದೆ, ಬಿಟ್ಟರೆ ಉಳಿಯುವ ಆಸೆ ಇದೆ. ಬಿಡುವಾಗ ಎಸೆಯಬೇಡಿ. ಹರಿವಿಗೆ ಮುಖ ಮಾಡಿಸಿ ಮೆಲ್ಲಗೆ ಹಿಡಿದಿರಿ. ಬಾಲ ಬೀಸಿ ತಾನಾಗಿ ಕೈ ಜಾರಿ ಹೋಗಲಿ.

ಬೇಸಿಗೆಯಲ್ಲಿ ಒಂದು ಮಾತು ನೆನಪಿಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಆಗ ಬೆಳಗ್ಗೆ ಒಂಬತ್ತಕ್ಕೆ ಗಾಳ ಸುತ್ತಿಡಿ. ಊಟಕ್ಕೆ ಬೇಕಾದಷ್ಟು ಹಿಡಿದು ನಿಲ್ಲಿಸಿ. ಹಿಡಿದು ಬಿಡುವ ಆಟ ಆ ಎರಡು ತಿಂಗಳು ಬೇಡ.

ಒಯ್ಯುವುದಾದರೆ ಒದ್ದಾಡಲು ಬಿಡಬೇಡಿ. ದಡದ ಮೇಲೆ ಬಾಯಿ ತೆರೆದುಕೊಂಡು ಅರ್ಧ ತಾಸು ಸಾಯುವ ಮೀನನ್ನು ಸುಮ್ನೆ ನೋಡುತ್ತ ಕೂರುವುದು ನನ್ನಿಂದ ಆಗುವುದಿಲ್ಲ. ಕಣ್ಣಿನ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ ಗಟ್ಟಿ ಕಟ್ಟಿಗೆಯಿಂದ ಒಂದೇ ಬಲವಾದ ಏಟು. ಆಮೇಲೆ ಕಿವಿರು ಕತ್ತರಿಸಿ ರಕ್ತ ಹೋಗಲು ಬಿಟ್ಟು ಐಸಿನಲ್ಲಿ ಇಡಿ. ಮೀನಿಗೆ ನೋವು ಕಡಿಮೆ, ಸಾರಿಗೆ ರುಚಿಯೂ ಜಾಸ್ತಿ.

7. ಯಾವುದನ್ನು ಒಯ್ಯಬೇಕು, ಎಷ್ಟು

ನಮ್ಮ ಗುಂಪಿನ ಅಳತೆ ಮೊಳ. ಕೋಲಿನ ಮೇಲೆ ಮೊಳದುದ್ದಕ್ಕೆ, ಅಂದರೆ ಸುಮಾರು 45 ಸೆಂಟಿಮೀಟರಿಗೆ, ಒಂದು ಗೆರೆ ಹಾಕಿದ್ದೇವೆ. ಕಾಟ್ಲಾ, ರೋಹು, ಮೃಗಾಲ್ ಅದಕ್ಕಿಂತ ಚಿಕ್ಕದಿದ್ದರೆ ವಾಪಸ್. ಅಷ್ಟು ಬೆಳೆಯದ ಮೀನು ಒಮ್ಮೆಯೂ ಮರಿ ಮಾಡಿರುವ ಸಾಧ್ಯತೆ ಕಡಿಮೆ. ಹೊಟ್ಟೆ ಉಬ್ಬಿದ ಮೀನು ಎಷ್ಟೇ ದೊಡ್ಡದಿರಲಿ ವಾಪಸ್. ದೊಡ್ಡ ಹುರುಪೆಯ ಹೊಳೆ ಮೀನು ಮಹಶೀರ್ ಸಿಕ್ಕರೆ ಯಾವ ಅಳತೆಯದ್ದಾದರೂ ವಾಪಸ್. ತಲೆಗೆ ಎರಡು ಮೀನು, ಅದಕ್ಕಿಂತ ಹೆಚ್ಚಿಲ್ಲ. ಹಿಡಿದದ್ದನ್ನು ಮಾರುವ ಹಾಗಿಲ್ಲ.

ತಿಲಾಪಿಯಾಗೆ, ನಮ್ಮವರು ಜಿಲೇಬಿ ಅನ್ನುವ ಮೀನಿಗೆ, ಈ ಲೆಕ್ಕ ಇಲ್ಲ. ಅದು ಹೊರಗಿನಿಂದ ಬಂದದ್ದು, ಬೇಗ ಬೇಗ ಮರಿ ಹಾಕಿ ಕೆರೆ ತುಂಬಿಸಿ ಬಿಡುತ್ತದೆ. ಚಿಕ್ಕದು ದೊಡ್ಡದು ನೋಡದೆ ಮನೆಗೆ ಒಯ್ಯಿರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೇ ನಿಷೇಧ ಇದೆ. ಸಿಕ್ಕರೆ ನೀರಿಗೆ ವಾಪಸ್ ಬಿಡಬೇಡಿ. ಎಲ್ಲಿ ಸಿಕ್ಕಿತು ಅಂತ ಮೀನುಗಾರಿಕೆ ಕಚೇರಿಗೆ ತಿಳಿಸಿ.

8. ಜೀವ ಮೊದಲು

ಕೃಷ್ಣೆಯಲ್ಲಿ ಮೊಸಳೆ ಇವೆ. ರಾಯಬಾಗ, ಅಥಣಿ, ಜಮಖಂಡಿ ಕಡೆಯವರಿಗೆ ಹೇಳಬೇಕಾಗಿಲ್ಲ, ಪ್ರವಾಹದ ಮೇಲೆ ಹೊಲಕ್ಕೂ ಬರುತ್ತವೆ. ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಮೀನು ಹೆಚ್ಚಿದ ಕರುಳು, ತಲೆ ದಡದಲ್ಲಿ ಎಸೆಯಬೇಡಿ. ಎಸೆದರೆ ಮೊಸಳೆಗೆ ಆ ಜಾಗ ರೂಢಿಯಾಗುತ್ತದೆ. ಮರುದಿನ ಅಲ್ಲಿ ಬಟ್ಟೆ ಒಗೆಯಲು ಬರುವುದು ಯಾರದೋ ತಾಯಿ.

ಅಣೆಕಟ್ಟೆಯ ಕೆಳಗಿನ ದಡದಲ್ಲಿದ್ದರೆ ನೀರು ಬಿಡುವ ಸುದ್ದಿ ತಿಳಿದೇ ಹೋಗಿ. ಇಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ ಹೊಳೆ ಏರುತ್ತದೆ. ಸೈರನ್ ಕೇಳಿದ ಮೇಲೆ ಸಾಮಾನು ಎತ್ತಿಕೊಳ್ಳಲು ನಿಲ್ಲಬೇಡಿ.

ಹಿನ್ನೀರು ಇಳಿದ ಮೇಲೆ ಬಿಡುವ ಕಪ್ಪು ಹೂಳು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಅಂಬಲಿಯಂತಿರುತ್ತದೆ. ಕೋಲಿನಿಂದ ಚುಚ್ಚಿ ನೋಡದೆ ಹೆಜ್ಜೆ ಇಡಬೇಡಿ. ಮತ್ತೆ ತಲೆಯ ಮೇಲೆ ನೋಡಿ. ಹೊಳೆ ದಂಡೆಯ ಉದ್ದಕ್ಕೂ ಪಂಪ್‌ಸೆಟ್ಟಿನ ವೈರು ಜೋತು ಬಿದ್ದಿರುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ವೈರಿನ ಕೆಳಗೆ ಬೀಸಬೇಡಿ.

9. ಗುಂಪು ಕಟ್ಟಿ

ಮೇಲಿನ ನೇಮಗಳನ್ನು ಒಬ್ಬರೇ ಪಾಲಿಸುವುದು ಬಹಳ ಕಷ್ಟ. ಯಾರೂ ನೋಡದ ಜಾಗದಲ್ಲಿ, ಮೂರು ತಾಸು ಕಾದ ಮೇಲೆ, ಮೊಳಕ್ಕೆ ಎರಡು ಬೆರಳು ಕಡಿಮೆ ಇರುವ ರೋಹು ಸಿಕ್ಕಾಗ ಮನಸ್ಸು ಗೆರೆಯನ್ನೇ ಸರಿಸಿ ನೋಡುತ್ತದೆ. ಪಕ್ಕದಲ್ಲಿ ಗೆಳೆಯ ಇದ್ದರೆ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಗುಂಪು ಬೇಕಾಗುವುದು ಅದಕ್ಕೆ.

ಎಂಟು ಹತ್ತು ಜನ ಸಾಕು. ವಾಟ್ಸಾಪ್‌ನಲ್ಲಿ ಇನ್ನೂರು ಜನ ಸೇರಿಸಿದರೆ ದೊಡ್ಡ ಮೀನಿನ ಫೋಟೋ ಬರುತ್ತದೆ, ಗುಂಪು ಆಗುವುದಿಲ್ಲ. ನೇಮಗಳನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ತಪ್ಪಿದವರನ್ನು ಮೊದಲ ಸಲ ಪಕ್ಕಕ್ಕೆ ಕರೆದು ಹೇಳಿ, ಎಲ್ಲರೆದುರು ಬೇಡ. ಎರಡನೇ ಸಲಕ್ಕೆ ಒಂದು ಹಂಗಾಮು ಹೊರಗೆ. ತೋಟೆ, ವಿಷ, ಕರೆಂಟಿಗೆ ಮಾತ್ರ ಎರಡನೇ ಸಲ ಅನ್ನುವುದಿಲ್ಲ.

ಅಂಬಿಗರ ಮನೆಗಳನ್ನು ಮೊದಲು ಭೇಟಿ ಮಾಡಿ. ನಮಗೆ ರವಿವಾರದ ಖುಷಿ, ಅವರಿಗೆ ಮನೆಯ ಒಲೆ. ಹೊಳೆಯಲ್ಲಿ ಅವರ ಪಾಲು ಮೊದಲು. ಅವರ ಬಲೆ ಹಾಕಿದ ಕಡೆ ಗಾಳ ಬೀಸಬೇಡಿ. ಮೀನು ಸಿಗದ ದಿನ ಅವರ ಹತ್ತಿರವೇ ಕೊಂಡು ಒಯ್ಯಿರಿ. ಹಿನ್ನೀರಿನ ಒಬ್ಬ ಕಾಕಾ ನಮ್ಮನ್ನು ಮೊದಲ ದಿನ ಕೇಳಿದ್ದು ಒಂದೇ ಮಾತು: "ಸಣ್ಣವು ಒಯ್ಯಾಂಗಿಲ್ಲ ಹೌದಿಲ್ರಿ ಅಣ್ಣಾರ?" ಹೌದು ಅಂದ ಮೇಲೆಯೇ ಹರಿಗೋಲು ದಡಕ್ಕೆ ತಂದರು. ಯಾವ ಮಡುವಿನಲ್ಲಿ ಯಾವ ಮೀನು, ನೀರು ಎಷ್ಟಿದ್ದರೆ ಎಲ್ಲಿ ಸೇರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ.

ಹೊಸಬರಿಗೆ ಒಬ್ಬ ಹಳಬರನ್ನು ಜೋಡಿ ಮಾಡಿ. ಕೋಲು ಇಲ್ಲದವರಿಗೆ ಕೋಲು ಕೊಡಿ. ಮೀನು ಸಿಗದೆ ಬರಿಗೈಯಲ್ಲಿ ಬಂದವರನ್ನು ನೋಡಿ ನಗಬೇಡಿ. ನಗು ಕೇಳಿದವನೇ ಮುಂದಿನ ವಾರ ಚಿಕ್ಕ ಮೀನು ಚೀಲಕ್ಕೆ ಹಾಕುವುದು. ಹೆಣ್ಣುಮಕ್ಕಳು ಬರಲು ಮನಸ್ಸು ಮಾಡಿದರೆ ಹೊತ್ತು, ಜಾಗ ಅವರಿಗೂ ಅನುಕೂಲ ಆಗುವಂತೆ ಇಟ್ಟುಕೊಳ್ಳಿ. ಮಕ್ಕಳನ್ನು ಕರೆತರುವವರು ಲೈಫ್ ಜಾಕೆಟ್ ತರಲೇಬೇಕು.

ಪ್ರತಿ ಸಲ ಹೊರಡುವ ಮೊದಲು ಕಾಲು ತಾಸು ದಡ ಹುಡುಕಿ, ತುಂಡಾದ ದಾರ ಆರಿಸಿ. ನೈಲಾನ್ ದಾರ ಕೊಳೆಯುವುದಿಲ್ಲ. ಚಳಿಗಾಲಕ್ಕೆ ದೂರದೇಶದಿಂದ ಬರುವ ಹಕ್ಕಿಗಳು ಇದೇ ದಡದಲ್ಲಿ ಮೇಯುತ್ತವೆ. ಕಾಲಿಗೆ ದಾರ ಸುತ್ತಿಕೊಂಡರೆ ಅದು ಬಿಗಿಯಾಗುತ್ತ ಹೋಗಿ ಕಾಲೇ ಹೋಗುತ್ತದೆ. ಆರಿಸಿದ ದಾರವನ್ನು ಗೇಣುದ್ದಕ್ಕೆ ಕತ್ತರಿಸಿ ಕಸಕ್ಕೆ ಹಾಕಿ.

ಒಂದು ನೋಟ್‌ಬುಕ್ ಇಡಿ. ದಿನ, ಜಾಗ, ನೀರಿನ ಮಟ್ಟ, ಮೀನಿನ ಜಾತಿ, ಉದ್ದ, ಒಯ್ದದ್ದು, ಬಿಟ್ಟದ್ದು. ಮೀನು ಬಾಯಿ ತೆರೆದು ಮೇಲೆ ಮೇಲೆ ಬರುತ್ತಿದ್ದರೆ, ನೀರಿನ ಬಣ್ಣ ಅಥವಾ ವಾಸನೆ ಬದಲಾಗಿದ್ದರೆ, ಸತ್ತ ಮೀನು ತೇಲುತ್ತಿದ್ದರೆ ಆ ಹೊತ್ತನ್ನೂ ಬರೆಯಿರಿ. ತೊಳೆದ ಬಾಟಲಿಯಲ್ಲಿ ಅಂಚಿನವರೆಗೆ ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಫೋಟೋ ತೆಗೆಯಿರಿ. ಗ್ರಾಮ ಪಂಚಾಯಿತಿ, ಮೀನುಗಾರಿಕೆ ಕಚೇರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿ, ಮೂರೂ ಕಡೆ ಅದೇ ದಿನ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆ ಮೀನನ್ನು ತಿನ್ನಬೇಡಿ, ದನಕ್ಕೆ ಆ ನೀರು ಕುಡಿಸಬೇಡಿ ಅಂತ ಊರಿನಲ್ಲಿ ಡಂಗುರ ಸಾರಿಸಿ.

ಹಂಗಾಮು ಅಕ್ಟೋಬರಿನಲ್ಲಿ ಶುರು. ಅದಕ್ಕೆ ಮುಂಚೆ ಒಂದು ಸಂಜೆ ಎಲ್ಲರೂ ಸೇರಿ, ಪಕ್ಕಡ ತನ್ನಿ. ಒಬ್ಬೊಬ್ಬರ ಡಬ್ಬಿಯ ಕೊಕ್ಕೆಗಳನ್ನೂ ಹಾಳೆಯ ಮೇಲೆ ಸುರಿದು ಹಿಮ್ಮುಳ್ಳು ಮಲಗಿಸಿ, ಕೋಲಿಗೆ ಮೊಳದ ಗೆರೆ ಹಾಕಿ. ಲೈಸೆನ್ಸಿನ ನಕಲು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ.